ಕೇರಿಯ ತಿಳುವಳಿಕೆ, ಕಂಪನಿಯ ಬಂಡವಾಳ

ಔಷಧಿ ಕಂಪನಿಗಳವರು ಒಂದು ಮಾತು ಹೇಳುತ್ತಾರೆ: ಜ್ಞಾನವೇ ನಮ್ಮ ಬಂಡವಾಳ. ಯಂತ್ರ ಯಾರು ಬೇಕಾದರೂ ಕೊಳ್ಳಬಹುದು. ಎದುರಾಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದ್ದರೆ ಪೇಟೆ ನಮ್ಮದು. ಪೇಟೆಂಟು, ಗುಟ್ಟಿನ ವಿಧಾನ, ವಿಜ್ಞಾನಿಯ ತಲೆ ಇವೇ ಅವರ ತಿಜೋರಿ. ಒಪ್ಪಿದೆವು. ಹಾಗಾದರೆ ಮುಗದದ ನಮ್ಮ ಕೇರಿಯಲ್ಲಿ ಇದ್ದದ್ದು ಏನು?

ನಮ್ಮ ಆಯಿ ಸೂಲಗಿತ್ತಿ. ಹೊಟ್ಟಿ ಮುಟ್ಟಿ ಕೂಸು ನೆಟ್ಟಗ ಐತೋ ಅಡ್ಡ ಐತೋ ಹೇಳತಿದ್ಲು. ದೊಡ್ಡ ಮನಿಯವರು ನಡುರಾತ್ರಿ ಕರೀತಿದ್ರು. ಹೆರಿಗೆ ಆದಮ್ಯಾಲೆ ಆಕಿ ಕುಂತ ನೆಲ ತೊಳೀತಿದ್ರು. ಕೂಲಿ ಒಂದು ಸೇರು ಅಕ್ಕಿ, ಒಂದು ಹಳೇ ಸೀರಿ. ಅಜ್ಜ ಸತ್ತ ದನ ಸುಲಿಯುತ್ತಿದ್ದ. ಯಾವ ನರ ಎಲ್ಲಿ, ಪಿತ್ತಕೋಶ ಎಲ್ಲಿ ಎಂದು ಅವನ ಕತ್ತಿಗೆ ಗೊತ್ತಿತ್ತು. ಅದಕ್ಕೆ ಯಾರೂ ಜ್ಞಾನ ಅನ್ನಲಿಲ್ಲ, ಮೈಲಿಗೆ ಅಂದರು. ಅದೇ ದನದ ಎಲುಬು, ತೊಗಲು ಕಾರ್ಖಾನೆಗೆ ಹೋಗಿ ಜೆಲಟಿನ್ ಆಗಿ, ಕ್ಯಾಪ್ಸೂಲಿನ ಹೊದಿಕೆಯಾಗಿ ಬಂದಾಗ ಮಡಿಯವರೂ ನುಂಗಿ ನೀರು ಕುಡಿಯುತ್ತಾರೆ!

ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರುವಾದದ್ದು ಪಪ್ಪಾಯಿ ಹಾಲಿನ ಪಪೇನ್‌ನಿಂದ, ಮೀನಿನ ಗಾಳಿಚೀಲದ ಐಸಿಂಗ್ಲಾಸ್‌ನಿಂದ. ಅಲ್ಲಿಂದ ಇನ್ಸುಲಿನ್‌ವರೆಗೆ ನಡೆದರು. ಅದನ್ನು ಹಳಿಯುವವರಲ್ಲ ನಾವು. ಸಕ್ಕರೆ ಕಾಯಿಲೆ ನಮ್ಮ ಕೇರಿಗೂ ಬಂದಿದೆ. ನಮ್ಮ ಪ್ರಶ್ನೆ ಬೇರೆ. ಯಾರ ತಿಳುವಳಿಕೆಗೆ ಕಾಗದ ಸಿಗುತ್ತದೆ, ಯಾರದಕ್ಕೆ ಸಿಗುವುದಿಲ್ಲ?

ಅರಿಷಿಣ ಗಾಯ ಮಾಯಿಸುತ್ತದೆಂದು 1995ರಲ್ಲಿ ಅಮೆರಿಕ ಪೇಟೆಂಟು ಕೊಟ್ಟಿತು. 1997ರಲ್ಲಿ ರದ್ದಾಯಿತು. ಹೇಗೆ? ಭಾರತದ ಸಿಎಸ್‌ಐಆರ್ ಹಳೇ ಸಂಸ್ಕೃತ ಗ್ರಂಥವನ್ನೂ 1953ರ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟಿತು. ಗೆದ್ದದ್ದು ಸಂತೋಷ. ಆದರೆ ಅರಿಷಿಣ ಅರೆದು ಮೆತ್ತಿದ ಕೋಟಿ ಕೈಗಳು ಸಾಕ್ಷಿಯಾಗಲಿಲ್ಲ, ಬರಹ ಸಾಕ್ಷಿಯಾಯಿತು. ಅಕ್ಷರ ಮುಟ್ಟಬ್ಯಾಡ ಅಂತ ಹೊರಗಿಟ್ಟವರಿಗೆ ಈಗ ‘ಬರೆದದ್ದು ತೋರಿಸು’ ಅಂದರೆ ಏನು ತೋರಿಸಬೇಕು?

2002ರ ಜೀವವೈವಿಧ್ಯ ಕಾಯ್ದೆ, ಕಂಪನಿಯ ಗಳಿಕೆಯಲ್ಲಿ ತಿಳುವಳಿಕೆ ಕೊಟ್ಟ ಜನಕ್ಕೂ ಪಾಲು ಅಂದಿತು. 2023ರ ತಿದ್ದುಪಡಿ, ಗ್ರಂಥದಲ್ಲಿರುವ ಸಾಂಪ್ರದಾಯಿಕ ಜ್ಞಾನ ಬಳಸುವವರಿಗೆ ಆ ಪಾಲಿನಿಂದ ವಿನಾಯಿತಿ ಕೊಟ್ಟಿತು. ಬರೆಯದಿದ್ದರೆ ಸಾಕ್ಷಿ ಇಲ್ಲ, ಅವರ ಗ್ರಂಥದಲ್ಲಿದ್ದರೆ ಪಾಲಿಲ್ಲ. ಎರಡೂ ಕಡೆ ಸೋಲುವವರು ನಾವೇ.

ಅದೇ ಕಾಯ್ದೆಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಅಂತ ಒಂದು ಪುಸ್ತಕ ಐತಿ. ಗೆಳೆಯರೇ, ನಿಮ್ಮ ನಿಮ್ಮ ಪಂಚಾಯ್ತಿಗೆ ಹೋಗಿ ಅದನ್ನ ತೆಗೆಸಿರಿ. ಗಿಡದ ಹೆಸರಿನ ಪಕ್ಕ ಸೂಲಗಿತ್ತಿಯ ಹೆಸರು, ಎಲುಬು ಕೂಡಿಸುವವನ ಹೆಸರು, ಕೇರಿಯ ಹೆಸರು ಐತೇನು ನೋಡ್ರಿ. ಇಲ್ಲದಿದ್ದರೆ ಬರೆಸಿರಿ. ಅದು ಶಾಸ್ತ್ರಗ್ರಂಥವಲ್ಲ, ನಮ್ಮ ಹಕ್ಕಿನ ಕಾಗದ. ಮುಗದದಲ್ಲಿ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. ಗದ್ದೆಯ ತಿಳುವಳಿಕೆ ವಿಜ್ಞಾನ ಆಗುವುದಾದರೆ ಕೇರಿಯದು ಯಾಕಾಗಬಾರದು?

ಹಾಗಂತ ಹಳೇ ಕಸುಬನ್ನು ಹಾಡಿ ಹೊಗಳುವವರೂ ಬ್ಯಾಡ. ಸತ್ತ ದನ ಸುಲಿಯುವುದು ನಮ್ಮ ಮಕ್ಕಳ ಹಣೆಬರಹವಲ್ಲ. ಅಜ್ಜನ ಕೈಯ ತಿಳುವಳಿಕೆಗೆ ಲೆಕ್ಕ ಕೊಡಿರಿ; ಅವನ ಮೊಮ್ಮಗಳಿಗೆ ಪ್ರಯೋಗಾಲಯದ ಬಾಗಿಲು ತೆರೆಯಿರಿ. ತೆರೆಯುವ ತನಕ ಬಡಿಯುತ್ತಲೇ ಇರುತ್ತೇವೆ.