ಕೆಮ್ಮಿನ ಸಿರಪ್ ಎಲ್ಲವೂ ವಿಷವೇ? ಬಾಟಲಿಯೊಳಗೆ ಏನಿದೆ ನೋಡಿ

‘ಕೆಮ್ಮಿನ ಸಿರಪ್ ವಿಷ, ಯಾರಿಗೂ ಕೊಡಬೇಡಿ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರ ಕೆಳಗೇ ಯಾರಾದರೂ ‘ನಮ್ಮ ಮಕ್ಕಳಿಗೆ ಯಾವಾಗಲೂ ಇದನ್ನೇ ಕೊಡೋದು, ಏನೂ ಆಗಿಲ್ಲ’ ಎಂದು ಬರೆದಿರುತ್ತಾರೆ. ಎರಡನ್ನೂ ಹಾಗೆಯೇ ನಂಬುವಂತಿಲ್ಲ.

ಮೊದಲ ಸಂದೇಶದ ಹಿಂದೆ ನಿಜವಾದ ದುರಂತವಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಶೇ. 48.6ರಷ್ಟಿತ್ತು. ಇರಬಹುದಾದ ಮಿತಿ ಶೇ. 0.1 ಮಾತ್ರ. ರುಚಿ ಸಿಹಿ, ಬಣ್ಣವಿಲ್ಲ. ಮನೆಯಲ್ಲಿ ಯಾರೂ ಕಂಡುಹಿಡಿಯಲಾರರು. ಅದನ್ನು ತಡೆಯಬೇಕಾದವರು ಕಾರ್ಖಾನೆಯವರು ಮತ್ತು ಔಷಧ ನಿಯಂತ್ರಣ ಇಲಾಖೆಯವರು.

ಆದರೆ ಕಲಬೆರಕೆಯೇ ಇಲ್ಲದ ಒಳ್ಳೆಯ ಸಿರಪ್ ಕೂಡ ಅಪಾಯ ತರಬಹುದು. ಇದು ಮಾತ್ರ ನಮ್ಮ ಕೈಯಲ್ಲಿದೆ.

ಹುಂಚದಂಥ ಊರಲ್ಲಿ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದಿಲ್ಲ, ಶೀತ ಬಿಡುವುದಿಲ್ಲ. ಹೊಸನಗರಕ್ಕೋ ರಿಪ್ಪನ್‌ಪೇಟೆಗೋ ಹೋದವರ ಹತ್ತಿರ ಒಂದು ಸಿರಪ್ ತರಿಸಿಟ್ಟು ಮನೆಮಂದಿಯೆಲ್ಲ ಅದೇ ಬಾಟಲಿಯಿಂದ ಕುಡಿಯುವುದು ರೂಢಿ. ಆ ಬಾಟಲಿಯಲ್ಲಿ ಇರುವುದು ಒಂದು ಔಷಧಿಯಲ್ಲ, ಮೂರು ನಾಲ್ಕು. ಒಣ ಕೆಮ್ಮು ತಡೆಯಲು ಡೆಕ್ಸ್ಟ್ರೋಮೆಥಾರ್ಫಾನ್, ಸೀನು ಮತ್ತು ಮೂಗು ಸೋರುವುದಕ್ಕೆ ಕ್ಲೋರ್ಫೆನಿರಮೈನ್, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್, ಕೆಲವದರಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್. ಹೆಸರು ದೊಡ್ಡ ಅಕ್ಷರದಲ್ಲಿ, ಈ ಪಟ್ಟಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಓದಬೇಕಾದ್ದು ಏಕೆಂದರೆ, ಸಿರಪ್ಪಿನಲ್ಲಿ ಪ್ಯಾರಾಸಿಟಮಾಲ್ ಇದ್ದು, ಮೇಲಿಂದ ಡೋಲೋ 650 ನುಂಗಿ, ರಾತ್ರಿ ಇನ್ನೊಂದು ಶೀತದ ಮಾತ್ರೆ ತೆಗೆದುಕೊಂಡರೆ ಒಂದೇ ಔಷಧಿ ಮೂರು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಪೆಟ್ಟು. ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತ ಮಂಗನ ಕಾಯಿಲೆಯ ಕಾಲ. ಕಾಡಿಗೆ ಹೋಗಿ ಬಂದವರಿಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಸಿರಪ್ ಕುಡಿದು ಜ್ವರ ಇಳಿಸಿಕೊಂಡು ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಫಿನೈಲೆಫ್ರಿನ್ ರಕ್ತನಾಳವನ್ನು ಕಿರಿದು ಮಾಡುವ ಔಷಧಿ. ಬಿಪಿ ಮಾತ್ರೆ ನುಂಗುವ ಅಜ್ಜನಿಗೆ, ಹೃದಯದ ಕಾಯಿಲೆ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ತಮಾಷೆಯೆಂದರೆ, ಇದನ್ನು ಬಾಯಿಂದ ತೆಗೆದುಕೊಂಡರೆ ಕಟ್ಟಿದ ಮೂಗು ಬಿಡುವುದೇ ಇಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದೆ! ಕ್ಲೋರ್ಫೆನಿರಮೈನ್ ನಿದ್ದೆ ತರಿಸುತ್ತದೆ. ಅದನ್ನು ಕುಡಿದು ಹುಲಿಕಲ್ ಘಾಟಿಯಲ್ಲಿ ಬೈಕ್ ಇಳಿಸುವುದು ಬೇಡ. ಜೊತೆಗೆ ಮದ್ಯ ಸೇರಿದರಂತೂ ಕೇಳುವುದೇ ಬೇಡ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಗ್ಲಾಕೋಮಾ ಇದ್ದರೆ ಕಣ್ಣಿಗೂ ಕೆಟ್ಟದ್ದು.

ಮಕ್ಕಳ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧಿಯನ್ನು 4 ವರ್ಷದೊಳಗಿನವರಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನವರಿಗೆ ಯಾವ ಕೆಮ್ಮು-ಶೀತದ ಸಿರಪ್ಪೂ ಬೇಡ, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದಿತು. ಕರ್ನಾಟಕದಲ್ಲೂ 2 ವರ್ಷದೊಳಗಿನವರಿಗೆ ಬರೆದುಕೊಡಬಾರದೆಂಬ ಸೂಚನೆ ಹೊರಟಿತು. ದೊಡ್ಡವರ ಸಿರಪ್ಪನ್ನು ‘ಅರ್ಧ ಚಮಚ’ ಮಾಡಿ ಕೊಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಚಮಚ ಎಂದಾಗ ನೆನಪಾಯಿತು. ಔಷಧಿಯ ಲೆಕ್ಕದಲ್ಲಿ ಟೀ ಚಮಚ ಎಂದರೆ 5 ಮಿಲಿ, ಟೇಬಲ್ ಚಮಚ ಎಂದರೆ 15 ಮಿಲಿ. ಅಡುಗೆಮನೆಯ ಚಮಚ ಬಳಸಿ ತಪ್ಪಿದರೆ ಮೂರು ಪಟ್ಟು ಒಳಗೆ ಹೋಗುತ್ತದೆ. ಬಾಟಲಿಯ ಜೊತೆ ಬರುವ ಗೆರೆ ಇರುವ ಮುಚ್ಚಳವನ್ನು ಬಿಸಾಡಬೇಡಿ.

ಸಾಮಾನ್ಯ ಶೀತದ ಕೆಮ್ಮು ಹೆಚ್ಚಿನಂಶ ತಾನಾಗಿ ವಾಸಿಯಾಗುತ್ತದೆ. ಮಕ್ಕಳ ಮೂಗಿಗೆ ಉಪ್ಪುನೀರಿನ ಹನಿ, ಕುಡಿಯಲು ಬೆಚ್ಚಗಿನ ನೀರು, 1 ವರ್ಷ ದಾಟಿದ್ದರೆ ಸ್ವಲ್ಪ ಜೇನು ಸಾಕು. 1 ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬೇಡಿ. ಬಾಟುಲಿಸಂ ಎಂಬ ಅಪರೂಪದ, ಮಾರಕ ಕಾಯಿಲೆ ಬರಬಹುದು.

ಮಗು ಬೇಗ ಬೇಗ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸಿರಪ್ ಕೊಟ್ಟ ಮೇಲೆ ಉಚ್ಚೆ ಕಡಿಮೆಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಬ್ಯಾಚ್ ನಂಬರ್ ಇರುವುದು ಅದರ ಮೇಲೆಯೇ. ದೊಡ್ಡವರಿಗೆ ಎರಡು ವಾರ ದಾಟಿದ ಕೆಮ್ಮಿಗೆ ಬೇಕಾದ್ದು ಇನ್ನೊಂದು ಸಿರಪ್ ಅಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವ ಕಫ ಪರೀಕ್ಷೆ.