ಊರಿನ ನೀರಿಗೆ ಹಣ ಯಾರು ಕೊಡಬೇಕು?



ಕಳೆದ ವಾರ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಹಳ್ಳಿಯವರು ನೀರಿಗೆ ಹಣ ಕೊಡುವುದನ್ನು ಕಲಿಯಬೇಕು" ಎಂದನು. ಈ ಮಾತನ್ನು ತರಗತಿಯಲ್ಲಿ ಅವನಿಗೆ ಹೇಳಿಕೊಟ್ಟವನು ನಾನೇ. ಆದುದರಿಂದ ಅದನ್ನು ತಿದ್ದುವ ಹೊಣೆಯೂ ನನ್ನದೇ ಆಗಿದೆ.

೨೦೦೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸ್ವಜಲಧಾರಾ ಯೋಜನೆಯನ್ನು ಆರಂಭಿಸಿತು. ಕಾಮಗಾರಿಯ ವೆಚ್ಚದಲ್ಲಿ ಶೇಕಡಾ ೧೦ನ್ನು ಊರವರು ಭರಿಸಬೇಕು, ಮುಂದಿನ ನಿರ್ವಹಣೆಯ ಖರ್ಚೆಲ್ಲವೂ ಅವರದೇ ಎಂಬುದು ಅದರ ನಿಯಮ. ನಾನಾಗ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ವಿಜ್ಞಾನದ ಉಪಾಧ್ಯಾಯ. ಲೆಕ್ಕ ಬಲ್ಲವರೆಂದು ಊರ ನೀರಿನ ಸಮಿತಿಯವರು ವಂತಿಗೆಯ ಪುಸ್ತಕವನ್ನು ನನ್ನ ಕೈಗಿತ್ತರು. ಉತ್ಸಾಹದಿಂದಲೇ ಒಪ್ಪಿಕೊಂಡೆ. ಒಂದು ಸಂಜೆ ಸಭೆಯಲ್ಲಿ ಬಾಕಿದಾರರ ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ನನ್ನ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳ ತಾಯಿಯ ಹೆಸರೂ ಅದರಲ್ಲಿತ್ತು. ಆ ಮಗು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಮರುದಿನದಿಂದ ಅವಳು ತರಗತಿಯಲ್ಲಿ ನನ್ನ ಮುಖವನ್ನು ನೋಡಲಿಲ್ಲ. ಆ ತಾಯಿ ಕೂಲಿಯ ಹಣದಲ್ಲಿ ಐದು ಕಂತುಗಳಾಗಿ ವಂತಿಗೆಯನ್ನು ತೀರಿಸಿದರು. ಹತ್ತು ಎಕರೆ ತೋಟವಿದ್ದವರೂ ಕೊಟ್ಟದ್ದು ಅಷ್ಟೇ ಮೊತ್ತ.

ಎರಡನೆಯ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ದುರಸ್ತಿಗೆ ಸಮಿತಿಯಲ್ಲಿ ಹಣವಿರಲಿಲ್ಲ. ಸಂಬಂಧಪಟ್ಟ ಕಚೇರಿಯಲ್ಲಿ ಅದಕ್ಕೆ ಅನುದಾನವಿರಲಿಲ್ಲ. ಮೂರು ವಾರಗಳ ಕಾಲ ಹುಡುಗಿಯರು ಕೊಡ ಹಿಡಿದು ಹೊಲದ ಬಾವಿಗಳಿಗೆ ನಡೆದರು. ಹಾಜರಿ ಪುಸ್ತಕ ಅದಕ್ಕೆ ಸಾಕ್ಷಿಯಾಗಿತ್ತು.

ಈಗ ಒಂದು ಸರಳವಾದ ಲೆಕ್ಕ. ೨೦೧೯ರಲ್ಲಿ ಘೋಷಣೆಯಾದ ಜಲ ಜೀವನ ಮಿಷನ್ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರ್ ಎಂಬ ಅಳತೆಯನ್ನಿಟ್ಟಿತು. ಸಾವಿರ ಜನರ ಊರಿಗೆ ೫೫,೦೦೦ ಲೀಟರ್. ಇದನ್ನು ೫೦ ಮೀಟರ್ ಆಳದಿಂದ ಮೇಲೆತ್ತಲು, ಪಂಪಿನ ದಕ್ಷತೆ ಶೇಕಡಾ ೫೦ ಎಂದು ಹಿಡಿದರೆ, ದಿನಕ್ಕೆ ಸುಮಾರು ೧೫ ಯೂನಿಟ್ ವಿದ್ಯುತ್ ಬೇಕು. ೩೦೦ ಮೀಟರ್ ಆಳದಿಂದಾದರೆ ೯೦ ಯೂನಿಟ್. ಕುಡಿಯುವ ಜನ ಅಷ್ಟೇ, ನೀರೂ ಅಷ್ಟೇ. ಖರ್ಚು ಮಾತ್ರ ಆರು ಪಟ್ಟು. ಪಾವಗಡ, ಕೋಲಾರದಂತಹ ಕಡೆ ಫ್ಲೋರೈಡ್ ತೆಗೆಯುವ ಖರ್ಚು ಇದರ ಮೇಲೆ. ಮಳೆ ಕಡಿಮೆಯಿರುವ, ಆದಾಯವೂ ಕಡಿಮೆಯಿರುವ ಊರೇ ಹೆಚ್ಚು ತೆರಬೇಕಾಗಿ ಬರುವುದು ಯಾವ ನ್ಯಾಯ?

ಸರ್ಕಾರಗಳು ಏನೂ ಮಾಡಲಿಲ್ಲವೆಂದು ನಾನು ಹೇಳಲಾರೆ. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ತಲೆಮಾರು ಮರೆತಿಲ್ಲ. ಹದಿನೈದನೆಯ ಹಣಕಾಸು ಆಯೋಗವು ೨೦೨೧-೨೨ರಿಂದ ೨೦೨೫-೨೬ರವರೆಗೆ ಪಂಚಾಯತಿಗಳ ಅನುದಾನದಲ್ಲಿ ಶೇಕಡಾ ೬೦ನ್ನು ನೀರು ಮತ್ತು ನೈರ್ಮಲ್ಯಕ್ಕೆಂದು ಮೀಸಲಿಟ್ಟದ್ದು ಒಳ್ಳೆಯ ಹೆಜ್ಜೆ. ಆದರೆ ಆ ಹಣವನ್ನು ರಾಜ್ಯಗಳಿಗೆ ಹಂಚಿದ ಸೂತ್ರದಲ್ಲಿ ಜನಸಂಖ್ಯೆಗೆ ೯೦, ವಿಸ್ತೀರ್ಣಕ್ಕೆ ೧೦ ಅಂಕ. ನೀರು ಎಷ್ಟು ಆಳದಲ್ಲಿದೆ ಎಂಬುದಕ್ಕೆ ಒಂದು ಅಂಕವೂ ಇರಲಿಲ್ಲ.

ಊರವರು ಏನನ್ನೂ ಕೊಡಬಾರದೆಂದು ನನ್ನ ವಾದವಲ್ಲ. ತಿಂಗಳ ಶುಲ್ಕ ಕೊಟ್ಟವನು ಸೋರುವ ನಲ್ಲಿಯನ್ನು ಕಂಡು ಸುಮ್ಮನಿರಲಾರ. ಇದು ನಾನು ಕಣ್ಣಾರೆ ಕಂಡ ಸತ್ಯ. ನೀರುಗಂಟಿಯ ಸಂಬಳ, ಸಣ್ಣ ದುರಸ್ತಿ, ಲೆಕ್ಕಪತ್ರ ಊರಿನದಾಗಿರಲಿ. ಆದರೆ ಆಳದಿಂದ ಬರುವ ಹೆಚ್ಚುವರಿ ವಿದ್ಯುತ್ ವೆಚ್ಚ, ಶುದ್ಧೀಕರಣ, ಸುಟ್ಟ ಮೋಟಾರು, ಬತ್ತಿದ ಕೊಳವೆಬಾವಿ ಇವುಗಳ ಭಾರವನ್ನು ಸಾರ್ವಜನಿಕ ಬೊಕ್ಕಸವೇ ಹೊರಬೇಕು. ವಂತಿಗೆಯನ್ನು ಮನೆಯ ಶಕ್ತಿಗೆ ತಕ್ಕಂತೆ ನಿಗದಿ ಮಾಡಬೇಕು. ಅಧಿಕಾರವನ್ನು ಊರಿಗೆ ಕೊಟ್ಟೆವೆಂದು ಹೇಳಿ ಸಾಲವನ್ನು ಮಾತ್ರ ದಾಟಿಸಿದರೆ ಅದು ವಿಕೇಂದ್ರೀಕರಣವಲ್ಲ.

ನಿಮ್ಮಲ್ಲಿ ಹಲವರು ಇಂದು ಇಲಾಖೆಗಳಲ್ಲಿ, ಪಂಚಾಯತಿಗಳಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದೀರಿ. ಕಡತಕ್ಕೆ ಸಹಿ ಹಾಕುವ ಮುನ್ನ ಆ ಊರಿನ ನೀರು ಎಷ್ಟು ಅಡಿ ಕೆಳಗಿದೆ ಎಂದು ಒಮ್ಮೆ ಕೇಳಿ. ಆ ಬಾಲಕಿ ಇದನ್ನು ಎಲ್ಲಾದರೂ ಓದುತ್ತಿದ್ದರೆ, ಅಂದು ಆ ಪಟ್ಟಿಯನ್ನು ಓದಿದ್ದು ನನ್ನ ತಪ್ಪೆಂದು ತಿಳಿಯಲಿ.