ಎರಡು ರೈಲುಗಳ ನಡುವೆ ಹೊಣೆ ಯಾರದು?

ಪ್ರಯಾಣಿಕನ ಪಾಲಿಗೆ ಪ್ರಯಾಣವೆಂಬುದು ಒಂದೇ. ಮನೆಯ ಬಾಗಿಲಿಗೆ ಬೀಗ ಹಾಕಿದಾಗ ಅದು ಆರಂಭವಾಗುತ್ತದೆ, ಸೇರಬೇಕಾದ ಊರು ಸೇರಿದಾಗ ಮುಗಿಯುತ್ತದೆ. ನಡುವೆ ಎಷ್ಟು ಸಲ ರೈಲು ಬದಲಿಸಿದೆವು ಎಂಬುದು ದಾರಿಯ ವಿವರವಷ್ಟೇ. ಯುರೋಪಿನ ರೈಲು ಟಿಕೆಟುಗಳ ಲೆಕ್ಕ ಬೇರೆ. ಅಲ್ಲಿ ಪ್ರಯಾಣ ಒಂದಾದರೂ ಕರಾರುಗಳು ಎರಡೋ ಮೂರೋ ಇರಬಹುದು. ಒಂದು ಕರಾರು ಮುಗಿದು ಇನ್ನೊಂದು ಆರಂಭವಾಗುವ ನಡುವೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಯಾರೂ ಹೊಣೆಯಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ಮನೆಯವರು ನಾಲ್ವರು ಯುರೋಪಿಗೆ ಹೋಗಿದ್ದಾಗ ಇದು ನಮಗೆ ಮನವರಿಕೆಯಾಯಿತು. ಒಂದೇ ಜಾಲತಾಣದಲ್ಲಿ, ಒಂದೇ ಸಲ ಹಣ ತೆತ್ತು ಎರಡು ರೈಲುಗಳ ಟಿಕೆಟ್ ಕೊಂಡಿದ್ದೆವು. ನಡುವೆ ನಲವತ್ತು ನಿಮಿಷಗಳ ಬಿಡುವಿತ್ತು. ಮೊದಲ ರೈಲು ಐವತ್ತು ನಿಮಿಷ ತಡವಾಯಿತು. ಎರಡನೆಯದು ತನ್ನ ವೇಳೆಗೆ ಸರಿಯಾಗಿ ಹೊರಟುಹೋಗಿತ್ತು. ಕೌಂಟರಿನಲ್ಲಿದ್ದವರು ಸೌಜನ್ಯದಿಂದಲೇ ಹೇಳಿದರು: ತಡವಾದದ್ದು ನಮ್ಮ ರೈಲಲ್ಲ, ಈ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಮೊದಲ ರೈಲಿನವರ ಲೆಕ್ಕದಲ್ಲಿ ಐವತ್ತು ನಿಮಿಷದ ವಿಳಂಬಕ್ಕೆ ಪರಿಹಾರವಿಲ್ಲ. ನಿಯಮದಂತೆ ಇಬ್ಬರೂ ಸರಿ. ನಾವು ಅಂದಿನ ದುಬಾರಿ ದರದಲ್ಲಿ ಮತ್ತೆ ನಾಲ್ಕು ಟಿಕೆಟ್ ಕೊಳ್ಳುತ್ತಿರುವಾಗ ಅಮ್ಮ ಕೇಳಿದರು: “ಟಿಕೆಟ್ ಇದೆಯಲ್ಲ, ಮತ್ತೆ ಯಾಕೆ ದುಡ್ಡು ಕೊಡಬೇಕು?” ನಮ್ಮ ಬಳಿ ಉತ್ತರವಿರಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಕಾನೂನೇ ಇಲ್ಲವೆಂದಲ್ಲ. ರೈಲು ಪ್ರಯಾಣಿಕರ ಹಕ್ಕುಗಳ 2021ರ ನಿಯಮಾವಳಿ 2023ರ ಜೂನ್ 7ರಿಂದ ಜಾರಿಯಲ್ಲಿದೆ. ಒಂದು ಗಂಟೆ ತಡವಾದರೆ ಟಿಕೆಟ್ ದರದ ಶೇ. 25, ಎರಡು ಗಂಟೆ ತಡವಾದರೆ ಶೇ. 50 ಪರಿಹಾರ. ಇಡೀ ಪ್ರಯಾಣಕ್ಕೆ ಒಂದೇ ಕರಾರಿನ ಟಿಕೆಟ್ ಇದ್ದರೆ ವಿಳಂಬವನ್ನು ಕೊನೆಯ ಊರಿನವರೆಗೆ ಎಣಿಸುತ್ತಾರೆ. ಸಂಪರ್ಕ ರೈಲು ತಪ್ಪಿದರೆ ಬೇರೆ ರೈಲಿನಲ್ಲಿ ಮುಂದಕ್ಕೆ ಕಳುಹಿಸುವುದೂ ಅವರದೇ ಕರ್ತವ್ಯ. ಮಾರಾಟಗಾರನೊಬ್ಬ ತಾನಾಗಿ ಬೇರೆ ಬೇರೆ ಟಿಕೆಟುಗಳನ್ನು ಜೋಡಿಸಿ ಒಟ್ಟಿಗೆ ಮಾರಿದ್ದರೆ, ಸಂಪರ್ಕ ತಪ್ಪಿದಾಗ ಪೂರ್ತಿ ಹಣದೊಂದಿಗೆ ಅದರ ಶೇ. 75ರಷ್ಟು ಪರಿಹಾರವನ್ನೂ ಕೊಡಬೇಕು.

ಆದರೆ ಇಷ್ಟನ್ನು ಕೊಟ್ಟ ಕಾನೂನು ಪಕ್ಕದಲ್ಲೇ ಒಂದು ಕಿಂಡಿಯನ್ನೂ ಬಿಟ್ಟಿದೆ. ಇವು ಪ್ರತ್ಯೇಕ ಕರಾರುಗಳೆಂದು ಟಿಕೆಟಿನಲ್ಲಿ ನಮೂದಿಸಿ, ಕೊಳ್ಳುವ ಮುನ್ನ ಗ್ರಾಹಕನಿಗೆ ತಿಳಿಸಿದ್ದರೆ ಮಾರಾಟಗಾರ ಹೊಣೆಯಿಂದ ಪಾರು. ಊರಿಗೆ ಮರಳಿ ನಮ್ಮ ಟಿಕೆಟನ್ನು ತೆರೆದು ನೋಡಿದರೆ ಆ ಸಾಲು ಇತ್ತು. ದಿನವಿಡೀ ಸರ್ಕಾರಿ ಕಡತಗಳ ಅಡಿಟಿಪ್ಪಣಿ ಓದುವ ನಾವೇ ಅದನ್ನು ಗಮನಿಸಿರಲಿಲ್ಲ. ಹಣ ಪಾವತಿಸುವ ಅವಸರದಲ್ಲಿ ಬೇರೆ ಯಾರು ತಾನೇ ಗಮನಿಸಿಯಾರು?

ರೈಲು ಕಂಪನಿಗಳ ವಾದವನ್ನು ತಳ್ಳಿಹಾಕಲಾಗದು. ಒಬ್ಬರ ವಿಳಂಬಕ್ಕೆ ಇನ್ನೊಬ್ಬರು ಏಕೆ ದಂಡ ತೆರಬೇಕು? ಬಿಡಿಬಿಡಿಯಾಗಿ ಕೊಂಡ ಟಿಕೆಟುಗಳು ಎಷ್ಟೋ ಸಲ ಅಗ್ಗವೂ ಹೌದು. ಆದರೆ ಆ ಲೆಕ್ಕವನ್ನು ಕಂಪನಿಗಳು ತಮ್ಮತಮ್ಮೊಳಗೆ ಚುಕ್ತಾ ಮಾಡಿಕೊಳ್ಳಬಹುದು. ಚೀಲ ಹೊತ್ತು ಅಪರಿಚಿತ ನಿಲ್ದಾಣದಲ್ಲಿ ನಿಂತವನಿಂದ ಅದು ಆಗುವ ಕೆಲಸವಲ್ಲ. ಇದು ಅಸಾಧ್ಯವೇನೂ ಅಲ್ಲ ಎಂಬುದಕ್ಕೆ ಸ್ವಿಟ್ಜರ್‌ಲೆಂಡ್ ಸಾಕ್ಷಿ. ಅಲ್ಲಿ ಇನ್ನೂರಕ್ಕೂ ಹೆಚ್ಚು ಸಾರಿಗೆ ಸಂಸ್ಥೆಗಳಿದ್ದರೂ ರೈಲು, ಬಸ್ಸು, ದೋಣಿಗಳನ್ನು ಬದಲಿಸುತ್ತ ಒಂದೇ ಟಿಕೆಟಿನಲ್ಲಿ ಸಾಗಬಹುದು. ನಮ್ಮ ಭಾರತೀಯ ರೈಲ್ವೆಯೂ 2019ರ ಏಪ್ರಿಲ್ 1ರಿಂದ ಎರಡು ಪಿಎನ್‌ಆರ್‌ಗಳನ್ನು ಜೋಡಿಸಲು ಅವಕಾಶ ಕೊಟ್ಟಿದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಪ್ರಯಾಣಿಸದ ಭಾಗದ ಹಣ ಮರಳುತ್ತದೆ. ಅದು ಕೇವಲ ಹಣದ ಮರುಪಾವತಿ, ನಿಜ. ಆದರೂ ಪ್ರಯಾಣ ಒಂದೇ ಎಂಬ ತತ್ತ್ವವನ್ನಾದರೂ ಅದು ಒಪ್ಪಿಕೊಂಡಿದೆ.

ಒಂದೇ ಟಿಕೆಟ್, ಇಡೀ ಪ್ರಯಾಣಕ್ಕೆ ಹಕ್ಕು ಎಂಬ ವಾಗ್ದಾನವನ್ನು ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲಯೆನ್ 2024ರ ಜುಲೈನಲ್ಲಿ ಕೊಟ್ಟರು. ಅದು ನಡೆಯಬೇಕಾದದ್ದೇ. ವಿಮಾನ ಬಿಟ್ಟು ರೈಲು ಹತ್ತಿ ಎಂದು ಜನರಿಗೆ ಬೋಧಿಸುವ ಖಂಡ, ಗಡಿ ದಾಟುವ ರೈಲಿನಲ್ಲಿ ಅವರ ಕೈಬಿಡಬಾರದು.

ಅಲ್ಲಿಯವರೆಗೆ ಆ ಕಡೆ ಹೊರಡುವ ನಮ್ಮವರು ಕೊಳ್ಳುವ ಮುನ್ನ ಇದು ಒಂದು ಕರಾರೋ ಎರಡೋ ಎಂದು ನೋಡಲಿ. ಎರಡಾದರೆ ನಡುವೆ ಧಾರಾಳ ಸಮಯವಿರಲಿ. ಪ್ಯಾರಿಸ್ಸಿನಲ್ಲಂತೂ ಗಾರ್ ದ್ಯು ನೋರ್‌ನಲ್ಲಿ ಇಳಿದು ಗಾರ್ ದ ಲಿಯೋನ್‌ನಲ್ಲಿ ಹತ್ತಬೇಕಾದರೆ ನಗರದೊಳಗೇ ಇನ್ನೊಂದು ರೈಲು ಹಿಡಿಯಬೇಕು. ರೈಲು ತಡವಾದರೆ ಇಳಿಯುವ ಮೊದಲೇ ಕಂಡಕ್ಟರರಿಂದ ವಿಳಂಬವನ್ನು ಬರೆಸಿಕೊಳ್ಳಲಿ. ಹಲವು ರೈಲ್ವೆಗಳು ತಮ್ಮೊಳಗಿನ ಒಪ್ಪಂದದಂತೆ, ಅಂಥ ಅಂತರರಾಷ್ಟ್ರೀಯ ಪ್ರಯಾಣಿಕರನ್ನು ಮುಂದಿನ ರೈಲಿಗೆ ಹತ್ತಿಸಿಕೊಳ್ಳುವುದುಂಟು. ಆದರೆ ಅದು ಅವರ ಸದ್ಭಾವನೆ, ನಮ್ಮ ಹಕ್ಕಲ್ಲ. ಅಮ್ಮನ ಪ್ರಶ್ನೆಗೆ ಉತ್ತರವಾಗಬಲ್ಲದ್ದು ಹಕ್ಕು ಮಾತ್ರ.